ಆಯವ್ಯಯ ಸ್ತಂಭನ ಮತ್ತು ಸಾರ್ವಜನಿಕ ಶಿಕ್ಷಣ: ಇಲಿನಾಯ್ ರಾಜ್ಯದ ಅನುಭವ (2015–2017)

ಪ್ರಜಾಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಬೊಕ್ಕಸದಿಂದ ಹಣ ಹೊರಹೋಗಕೂಡದು ಎಂಬುದು ಸಂಸದೀಯ ಪದ್ಧತಿಗೂ ಅಧ್ಯಕ್ಷೀಯ ಪದ್ಧತಿಗೂ ಸಮಾನವಾದ ತತ್ತ್ವ. ಆಳುವವರನ್ನು ಹದ್ದಿನಲ್ಲಿಡಲು ರೂಪುಗೊಂಡ ಈ ತತ್ತ್ವದಲ್ಲಿ ಒಂದು ಪ್ರಶ್ನೆ ಅಡಗಿದೆ. ಆ ಒಪ್ಪಿಗೆಯೇ ದೊರೆಯದೆ ಹೋದರೆ ಏನಾಗುತ್ತದೆ? ಶಾಲೆಗಳು ಮುಚ್ಚುತ್ತವೆಯೇ, ಆಸ್ಪತ್ರೆಗಳು ನಿಲ್ಲುತ್ತವೆಯೇ, ನೌಕರರ ಸಂಬಳ ತಡೆಯಾಗುತ್ತದೆಯೇ? ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯವು 2015ರ ಜುಲೈ 1ರಿಂದ 2017ರ ಜುಲೈ 6ರವರೆಗೆ ಪೂರ್ಣಪ್ರಮಾಣದ ಆಯವ್ಯಯವಿಲ್ಲದೆಯೇ ನಡೆಯಿತು. 736 ದಿನಗಳ ಈ ಅವಧಿಯು ಮೇಲಿನ ಪ್ರಶ್ನೆಗೆ ಸವಿವರವಾದ ಉತ್ತರವನ್ನು ಒದಗಿಸುತ್ತದೆ.

ಪ್ರಸ್ತುತ ಲೇಖನವು ಈ ಸ್ತಂಭನದ ಹಿನ್ನೆಲೆ, ಅದು ಶಿಕ್ಷಣ ಹಾಗೂ ಸಾರ್ವಜನಿಕ ಸೇವೆಗಳ ಮೇಲೆ ಬೀರಿದ ಪರಿಣಾಮ ಮತ್ತು ಅದು ಕೊನೆಗೊಂಡ ಬಗೆಯನ್ನು ಪರಿಶೀಲಿಸುತ್ತದೆ. ಆಯವ್ಯಯವಿಲ್ಲದಿದ್ದರೂ ಸರ್ಕಾರ ನಿಲ್ಲಲಿಲ್ಲ. ಹಣವೂ ಬಹುಮಟ್ಟಿಗೆ ಹರಿಯುತ್ತಲೇ ಇತ್ತು. ಯಾರ ಹಕ್ಕಿಗೆ ಕಾನೂನಿನ ಅಥವಾ ನ್ಯಾಯಾಲಯದ ಬೆಂಬಲವಿತ್ತೋ ಅವರಿಗೆ ಹಣ ಸಂದಿತು. ಅಂಥ ಬೆಂಬಲವಿಲ್ಲದವರ ಮೇಲೆ ಇಡಿಯ ಭಾರ ಬಿದ್ದಿತು. ಈ ವಿಂಗಡಣೆಯೇ ಸ್ತಂಭನವನ್ನು ಎರಡು ವರ್ಷಗಳ ಕಾಲ ಲಂಬಿಸಿತು ಎಂಬುದು ಈ ಲೇಖನದ ಪ್ರತಿಪಾದನೆ.

1. ಹಿನ್ನೆಲೆ

ಇಲಿನಾಯ್ ರಾಜ್ಯದ ಹಣಕಾಸು ವರ್ಷ ಜುಲೈ 1ರಂದು ಆರಂಭವಾಗುತ್ತದೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಚುನಾಯಿತರಾದ ಕಾರ್ಯಾಂಗದ ಮುಖ್ಯಸ್ಥರು. 1970ರ ರಾಜ್ಯ ಸಂವಿಧಾನದ 8ನೆಯ ವಿಧಿಯ ಪ್ರಕಾರ ಗವರ್ನರ್ ಸಮತೋಲಿತ ಆಯವ್ಯಯವನ್ನು ಸಲ್ಲಿಸಬೇಕು. ರಾಜ್ಯದ ಎಲ್ಲ ವೆಚ್ಚಕ್ಕೂ ಶಾಸಕಾಂಗವು ಕಾನೂನಿನ ಮೂಲಕ ಹಣವನ್ನು ವಿನಿಯೋಗಿಸಬೇಕು. ಆ ಮೊತ್ತವು ನಿರೀಕ್ಷಿತ ವರಮಾನವನ್ನು ಮೀರಬಾರದು. ಗವರ್ನರ್ ವಿಧೇಯಕವನ್ನು ತಿರಸ್ಕರಿಸಿದರೆ, ಎರಡೂ ಸದನಗಳಲ್ಲಿ ಐದನೆಯ ಮೂರು ಭಾಗದಷ್ಟು ಬಹುಮತದಿಂದ ಮಾತ್ರ ಅದನ್ನು ಮತ್ತೆ ಅಂಗೀಕರಿಸಬಹುದು. ಗವರ್ನರ್ ಒಂದು ಪಕ್ಷದವರಾಗಿದ್ದು ಶಾಸಕಾಂಗವು ಇನ್ನೊಂದು ಪಕ್ಷದ ಹಿಡಿತದಲ್ಲಿದ್ದರೆ, ಇಬ್ಬರೂ ಜನಾದೇಶ ತಮ್ಮದೇ ಎಂದು ಹೇಳಿಕೊಳ್ಳಬಲ್ಲರು. ಒಬ್ಬರನ್ನು ಇನ್ನೊಬ್ಬರು ಅಧಿಕಾರದಿಂದ ಇಳಿಸಲಾರರು.

2015ರ ಜನವರಿಯಲ್ಲಿ ರಿಪಬ್ಲಿಕನ್ ಪಕ್ಷದ ಬ್ರೂಸ್ ರೌನರ್ ಗವರ್ನರ್ ಪದವಿಗೆ ಬಂದಾಗ ಇಂಥದೇ ಸ್ಥಿತಿ ಏರ್ಪಟ್ಟಿತು. ಶಾಸಕಾಂಗದ ಎರಡೂ ಸದನಗಳು ಡೆಮಾಕ್ರಟಿಕ್ ಪಕ್ಷದ ವಶದಲ್ಲಿದ್ದವು. ಪ್ರತಿನಿಧಿಗಳ ಸದನದ ಸ್ಪೀಕರ್ ಮೈಕೆಲ್ ಮ್ಯಾಡಿಗನ್ 1983ರಿಂದ, ನಡುವಿನ ಎರಡು ವರ್ಷಗಳನ್ನು ಬಿಟ್ಟರೆ, ನಿರಂತರವಾಗಿ ಆ ಸ್ಥಾನದಲ್ಲಿದ್ದವರು. ಇದೇ ಹೊತ್ತಿಗೆ ರಾಜ್ಯದ ವರಮಾನವೂ ಕುಸಿದಿತ್ತು. 2011ರಲ್ಲಿ ತಾತ್ಕಾಲಿಕವಾಗಿ ಶೇ. 3ರಿಂದ 5ಕ್ಕೆ ಏರಿಸಿದ್ದ ವೈಯಕ್ತಿಕ ಆದಾಯ ತೆರಿಗೆಯು 2015ರ ಜನವರಿ 1ರಂದು ಶೇ. 3.75ಕ್ಕೆ ಇಳಿಯಿತು, ಕಂಪನಿಗಳ ತೆರಿಗೆ ಶೇ. 7ರಿಂದ 5.25ಕ್ಕೆ ಇಳಿಯಿತು. ತೆರಿಗೆಯನ್ನು ಮತ್ತೆ ಏರಿಸಬೇಕಾದರೆ ಮೊದಲು ಕಾರ್ಮಿಕ ಸಂಘಗಳ ಚೌಕಾಸಿಯ ಹಕ್ಕು, ಕೆಲಸಗಾರರ ನಷ್ಟಪರಿಹಾರ, ಸ್ಥಳೀಯ ಆಸ್ತಿ ತೆರಿಗೆ, ಶಾಸಕರ ಅವಧಿಮಿತಿ ಮುಂತಾದ ವಿಷಯಗಳಲ್ಲಿ ಸುಧಾರಣೆಗಳಾಗಬೇಕೆಂದು ಗವರ್ನರ್ ಪಟ್ಟು ಹಿಡಿದರು. ಇವು ಆಯವ್ಯಯಕ್ಕೆ ಸಂಬಂಧಿಸಿದವಲ್ಲ ಎಂಬುದು ಶಾಸಕಾಂಗದ ನಾಯಕರ ನಿಲುವಾಗಿತ್ತು.

2. ಮೊದಲ ಬಿರುಕು: ಶಾಲೆಗಳಿಗೆ ವಿನಾಯಿತಿ

ವರಮಾನಕ್ಕಿಂತ ಹೆಚ್ಚಿನ ವೆಚ್ಚವನ್ನು ಒಳಗೊಂಡ ವಿಧೇಯಕಗಳನ್ನು ಶಾಸಕಾಂಗವು 2015ರ ಮೇ ತಿಂಗಳಲ್ಲಿ ಅಂಗೀಕರಿಸಿತು. ಜೂನ್ 24ರಂದು ಗವರ್ನರ್ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಅನುದಾನದ ವಿಧೇಯಕಕ್ಕೆ ಮಾತ್ರ ಸಹಿ ಮಾಡಿದರು. ಮರುದಿನ ಉಳಿದವುಗಳಲ್ಲಿ ಬಹುತೇಕ ಎಲ್ಲವನ್ನೂ ತಿರಸ್ಕರಿಸಿದರು.

ಈ ಒಂದು ಸಹಿಯ ಮಹತ್ತ್ವವನ್ನು ಗಮನಿಸಬೇಕು. ಆಗಸ್ಟ್ ತಿಂಗಳಲ್ಲಿ ಶಾಲೆಗಳು ತೆರೆಯದೆ ಹೋಗಿದ್ದರೆ ರಾಜ್ಯದ ಮೂಲೆಮೂಲೆಯ ಪಾಲಕರ ಒತ್ತಡವು ಎರಡೂ ಪಕ್ಷಗಳ ಮೇಲೆ ಬೀಳುತ್ತಿತ್ತು. ಯಾವುದಾದರೊಂದು ಒಪ್ಪಂದವು ಕೆಲವೇ ವಾರಗಳಲ್ಲಿ ಆಗುತ್ತಿತ್ತೆಂದು ಊಹಿಸಲು ಅವಕಾಶವಿದೆ. ಶಾಲೆಗಳು ಎಂದಿನಂತೆ ತೆರೆದುದರಿಂದ ಬಹುಸಂಖ್ಯಾತ ಕುಟುಂಬಗಳಿಗೆ ಸ್ತಂಭನದ ಬಿಸಿ ತಟ್ಟಲಿಲ್ಲ. ಮಕ್ಕಳ ಹಿತದೃಷ್ಟಿಯಿಂದ ಸರಿಯಾಗಿದ್ದ ಕ್ರಮವೇ ಬಿಕ್ಕಟ್ಟಿನ ಆಯುಷ್ಯವನ್ನು ಹೆಚ್ಚಿಸಿತು.

3. ಆಯವ್ಯಯವಿಲ್ಲದೆ ಹಣ ಹರಿದ ಬಗೆ

ಉಳಿದ ವೆಚ್ಚಗಳ ಗತಿಯೂ ಇದೇ ಜಾಡಿನಲ್ಲಿ ಸಾಗಿತು. ಸಾಲದ ಕಂತು ಮತ್ತು ಪಿಂಚಣಿ ನಿಧಿಯ ವಂತಿಗೆಗಳಿಗೆ ಪ್ರತಿವರ್ಷ ಹೊಸ ಮಂಜೂರಾತಿ ಬೇಕಾಗದಂತೆ ಮೊದಲೇ ಕಾನೂನಿತ್ತು. ನೌಕರರ ಸಂಬಳದ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. 2015ರ ಜುಲೈಯಲ್ಲಿ ಸೇಂಟ್ ಕ್ಲೇರ್ ಕೌಂಟಿಯ ನ್ಯಾಯಾಲಯವು, ವಿನಿಯೋಗ ಕಾನೂನು ಇಲ್ಲದಿದ್ದರೂ ಪೂರ್ಣ ಸಂಬಳ ಕೊಡಬೇಕೆಂದು ಆದೇಶಿಸಿತು. ಬಡವರ ವೈದ್ಯಕೀಯ ನೆರವಿನ ಯೋಜನೆ ಮತ್ತು ಮಕ್ಕಳ ಪಾಲನೆಯ ಕೆಲವು ಸೇವೆಗಳು ಫೆಡರಲ್ ನ್ಯಾಯಾಲಯಗಳ ಹಿಂದಿನ ಒಪ್ಪಂದ ತೀರ್ಪುಗಳ ರಕ್ಷಣೆ ಪಡೆದವು. ಎಲ್ಲವನ್ನೂ ಒಟ್ಟುಗೂಡಿಸಿದರೆ ರಾಜ್ಯದ ಸಾಮಾನ್ಯ ವೆಚ್ಚದ ಸುಮಾರು ಶೇ. 90ರಷ್ಟು ಹೀಗೆ ಸಾಗುತ್ತಿತ್ತೆಂದು ಆಗ ಅಂದಾಜು ಮಾಡಲಾಗಿತ್ತು.

ಇಲ್ಲಿ ಎರಡು ಸಂಗತಿಗಳು ಎದ್ದುಕಾಣುತ್ತವೆ. ಮೊದಲನೆಯದಾಗಿ, ವೆಚ್ಚವು ಹಿಂದಿನ ಪ್ರಮಾಣದಲ್ಲಿಯೇ ಮುಂದುವರಿದಾಗ ವರಮಾನ ಮಾತ್ರ ಕಡಿಮೆ ತೆರಿಗೆದರದ್ದಾಗಿತ್ತು. ಹಾಗಾಗಿ ಪಾವತಿಯಾಗದ ಬಿಲ್ಲುಗಳು ರಾಶಿಬಿದ್ದವು. ಎರಡನೆಯದಾಗಿ, ಉಳಿದ ಹತ್ತು ಪಾಲಿನೊಳಗೆ ಸಿಕ್ಕಿಬಿದ್ದವರು ಯಾರು ಎಂಬುದನ್ನು ಯಾವ ಶಾಸನಸಭೆಯೂ ಚರ್ಚಿಸಿ ನಿರ್ಧರಿಸಿರಲಿಲ್ಲ. ಕಾನೂನಿನ ಆಸರೆ ಯಾರಿಗೆ ಇರಲಿಲ್ಲವೋ ಅವರೇ ಅದರಲ್ಲಿ ಉಳಿದರು. ಸಾರ್ವಜನಿಕ ವಿಶ್ವವಿದ್ಯಾನಿಲಯಗಳು, ಸಮುದಾಯ ಕಾಲೇಜುಗಳು, ಬಡ ವಿದ್ಯಾರ್ಥಿಗಳ ಸಹಾಯಧನ, ಸರ್ಕಾರದ ಪರವಾಗಿ ಸೇವೆ ಒದಗಿಸುವ ಸ್ವಯಂಸೇವಾ ಸಂಸ್ಥೆಗಳು ಇವುಗಳಲ್ಲಿ ಮುಖ್ಯವಾದವು.

4. ಉನ್ನತ ಶಿಕ್ಷಣದ ಮೇಲಿನ ಪರಿಣಾಮ

ಷಿಕಾಗೊ ನಗರದ ದಕ್ಷಿಣ ಭಾಗದಲ್ಲಿರುವ ಷಿಕಾಗೊ ಸ್ಟೇಟ್ ವಿಶ್ವವಿದ್ಯಾನಿಲಯವು ಈ ಪರಿಣಾಮಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಅದರ ವಿದ್ಯಾರ್ಥಿಗಳಲ್ಲಿ ಬಹುಪಾಲು ಆಫ್ರಿಕನ್ ಅಮೆರಿಕನ್ನರು. ದುಡಿಯುತ್ತಲೇ ಓದುವವರು ಅಲ್ಲಿ ಬಹಳ. ದೊಡ್ಡ ದತ್ತಿನಿಧಿಯಾಗಲಿ ಹೊರರಾಜ್ಯದ ವಿದ್ಯಾರ್ಥಿಗಳ ಶುಲ್ಕವಾಗಲಿ ಇಲ್ಲದ ಆ ಸಂಸ್ಥೆಯು ರಾಜ್ಯದ ಅನುದಾನವನ್ನೇ ನೆಚ್ಚಿತ್ತು. 2016ರ ಫೆಬ್ರವರಿಯಲ್ಲಿ ಅದು ಆರ್ಥಿಕ ತುರ್ತುಸ್ಥಿತಿಯನ್ನು ಘೋಷಿಸಿತು. ವಸಂತಕಾಲದ ರಜೆಯನ್ನು ರದ್ದುಗೊಳಿಸಿ ಶೈಕ್ಷಣಿಕ ಅವಧಿಯನ್ನು ಬೇಗನೆ ಮುಗಿಸಿತು. ಏಪ್ರಿಲ್ ಕೊನೆಯಲ್ಲಿ 300ಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ಬಿಡಿಸಿತು. ಆ ವರ್ಷದ ಶರತ್ಕಾಲದಲ್ಲಿ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಕುಸಿಯಿತು. ಮೊದಲ ವರ್ಷಕ್ಕೆ ಸೇರಿದ ಹೊಸ ವಿದ್ಯಾರ್ಥಿಗಳು ಕೇವಲ 86 ಮಂದಿ. ಬಾಗಿಲು ಮುಚ್ಚಬಹುದೆಂಬ ಸುದ್ದಿ ಇರುವ ಸಂಸ್ಥೆಗೆ ಮಕ್ಕಳನ್ನು ಕಳುಹಿಸಲು ಕುಟುಂಬಗಳು ಹಿಂಜರಿದುದು ಸಹಜವೇ ಆಗಿತ್ತು.

ಚಾರ್ಲ್‌ಸ್ಟನ್ ಪಟ್ಟಣದ ಈಸ್ಟರ್ನ್ ಇಲಿನಾಯ್ ಹಾಗೂ ಮಕೋಂಬ್ ಪಟ್ಟಣದ ವೆಸ್ಟರ್ನ್ ಇಲಿನಾಯ್ ವಿಶ್ವವಿದ್ಯಾನಿಲಯಗಳಲ್ಲಿಯೂ ನೌಕರರ ಕಡಿತವಾಯಿತು. ಇವು ಚಿಕ್ಕ ಊರುಗಳಾದುದರಿಂದ ವಿಶ್ವವಿದ್ಯಾನಿಲಯದ ಸಂಬಳವೇ ಊರಿನ ಅಂಗಡಿ, ಬಾಡಿಗೆಮನೆ, ಊಟದ ಹೋಟೆಲುಗಳ ಜೀವನಾಧಾರವಾಗಿತ್ತು. ಇದಕ್ಕೆ ಪ್ರತಿಯಾಗಿ, ಸಂಶೋಧನಾ ಅನುದಾನ ಮತ್ತು ಶುಲ್ಕದ ವರಮಾನ ಹೇರಳವಾಗಿದ್ದ ಅರ್ಬಾನಾ-ಷಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾನಿಲಯವು ಹೊಡೆತವನ್ನು ತಾಳಿಕೊಂಡಿತು. ಒಂದೇ ಬಿಕ್ಕಟ್ಟು ಬಲವುಳ್ಳ ಸಂಸ್ಥೆಗೂ ದುರ್ಬಲ ಸಂಸ್ಥೆಗೂ ಒಂದೇ ಬಗೆಯಲ್ಲಿ ತಟ್ಟಲಿಲ್ಲ.

ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ರಾಜ್ಯವು ನೀಡುವ ಸಹಾಯಧನ ಯೋಜನೆಯೊಂದಿದೆ. ವರ್ಷಕ್ಕೆ ಗರಿಷ್ಠ 5,000 ಡಾಲರಿಗೆ ತುಸು ಕಡಿಮೆಯಾಗಿದ್ದ ಈ ನೆರವನ್ನು ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವಲಂಬಿಸಿದ್ದರು. ಸ್ತಂಭನದ ಕಾಲದಲ್ಲಿ ಅವರ ಕೈಗೆ ಮಂಜೂರಾತಿಯ ಪತ್ರ ಬಂದಿತ್ತು, ಹಣ ಬರಲಿಲ್ಲ. ಕೆಲವು ಸಂಸ್ಥೆಗಳು ಆ ಮೊತ್ತವನ್ನು ತಾವೇ ಮುಂಗಡವಾಗಿ ಭರಿಸಿದವು. ಅಷ್ಟು ಚೈತನ್ಯವಿಲ್ಲದ ಸಂಸ್ಥೆಗಳು ಅದನ್ನು ವಿದ್ಯಾರ್ಥಿಯ ಹೆಸರಿನಲ್ಲಿಯೇ ಬಾಕಿಯೆಂದು ಬರೆದವು. ವಿದ್ಯಾಭ್ಯಾಸವನ್ನು ಒಂದು ಅವಧಿಯ ಮಟ್ಟಿಗೆ ನಿಲ್ಲಿಸಿದ ಬಡ ವಿದ್ಯಾರ್ಥಿಯು ಮತ್ತೆ ಮರಳಿ ಬರುವುದು ದುರ್ಲಭ. ಈ ನಷ್ಟವು ಮುಂದಿನ ಯಾವ ಆಯವ್ಯಯದಲ್ಲಿಯೂ ಬಾಕಿ ಪಾವತಿಯ ರೂಪದಲ್ಲಿ ಭರ್ತಿಯಾಗುವಂಥದಲ್ಲ.

2016ರ ಏಪ್ರಿಲ್‌ನಲ್ಲಿ ಉನ್ನತ ಶಿಕ್ಷಣಕ್ಕಾಗಿ 60 ಕೋಟಿ ಡಾಲರ್‌ಗಳ ತಾತ್ಕಾಲಿಕ ಅನುದಾನ ದೊರೆಯಿತು. ಹೆಚ್ಚಿನ ವಿಶ್ವವಿದ್ಯಾನಿಲಯಗಳಿಗೆ ಅದು ಹಿಂದಿನ ವರ್ಷದ ಅನುದಾನದ ಸುಮಾರು ಮೂರನೆಯ ಒಂದು ಭಾಗವಾಗಿತ್ತು. ಜೂನ್ 30ರಂದು ಶಾಲೆಗಳಿಗೆ ಇಡೀ ವರ್ಷದ ಹಣವನ್ನೂ ಉಳಿದವುಗಳಿಗೆ ಆರು ತಿಂಗಳ ಹಣವನ್ನೂ ಒದಗಿಸುವ ಇನ್ನೊಂದು ತಾತ್ಕಾಲಿಕ ಏರ್ಪಾಡಾಯಿತು. ಡಿಸೆಂಬರ್ ಕಳೆದ ಮೇಲೆ ವಿಶ್ವವಿದ್ಯಾನಿಲಯಗಳು ಮತ್ತೆ ಬರಿಗೈಯಾದವು. 2017ರ ಜೂನ್‌ನಲ್ಲಿ ಅವುಗಳ ಮಾನ್ಯತೆಯೇ ಅಪಾಯದಲ್ಲಿದೆ ಎಂದು ಮಾನ್ಯತಾ ಮಂಡಲಿಯು ರಾಜ್ಯದ ನಾಯಕರಿಗೆ ಎಚ್ಚರಿಕೆ ನೀಡಿತು. ನೆರೆರಾಜ್ಯಗಳಿಗೆ ವಿದ್ಯಾರ್ಥಿಗಳು ವಲಸೆ ಹೋಗುವುದರಲ್ಲಿ ಇಲಿನಾಯ್ ಮೊದಲೇ ಮುಂದಿತ್ತು. ಈ ಎರಡು ವರ್ಷಗಳು ಆ ಪ್ರವೃತ್ತಿಗೆ ಇಂಬುಕೊಟ್ಟವು.

5. ಷಿಕಾಗೊ ನಗರದ ಶಾಲೆಗಳು

ಶಾಲೆಗಳಿಗೆ ವಿನಾಯಿತಿ ದೊರೆತಿತ್ತೆಂಬ ಮಾತು ಒಟ್ಟಾರೆಯಾಗಿ ನಿಜವಾದರೂ ಷಿಕಾಗೊ ನಗರದ ಮಟ್ಟಿಗೆ ಅದಕ್ಕೆ ತಿದ್ದುಪಡಿ ಅಗತ್ಯ. ಅಲ್ಲಿನ ಶಾಲಾ ಮಂಡಲಿಯು ಶಿಕ್ಷಕರ ಪಿಂಚಣಿಯ ಹೊರೆಯನ್ನು ಬಹುತೇಕ ತಾನೇ ಹೊರಬೇಕಾಗಿತ್ತು. ಉಳಿದ ಜಿಲ್ಲೆಗಳಲ್ಲಿ ಆ ಹೊರೆ ರಾಜ್ಯದ್ದಾಗಿತ್ತು. 2016ರ ಫೆಬ್ರವರಿಯಲ್ಲಿ ಮಂಡಲಿಯು 72.5 ಕೋಟಿ ಡಾಲರ್‌ಗಳನ್ನು ಶೇ. 8.5ರ ದುಬಾರಿ ಬಡ್ಡಿಗೆ ಸಾಲ ಎತ್ತಿತು. ಪಿಂಚಣಿಗಾಗಿ ನಿರೀಕ್ಷಿಸಿದ್ದ 21.5 ಕೋಟಿ ಡಾಲರ್‌ಗಳ ನೆರವಿನ ವಿಧೇಯಕವನ್ನು ಗವರ್ನರ್ ಅದೇ ವರ್ಷದ ಡಿಸೆಂಬರ್ 1ರಂದು ತಿರಸ್ಕರಿಸಿದರು. ಪರಿಣಾಮವಾಗಿ ನೌಕರರಿಗೆ ಸಂಬಳರಹಿತ ರಜೆಗಳನ್ನು ವಿಧಿಸಲಾಯಿತು. ಶಾಲಾವರ್ಷವನ್ನು ಸುಮಾರು ಮೂರು ವಾರ ಮೊದಲೇ ಮುಗಿಸಬೇಕಾಗಬಹುದೆಂಬ ಭೀತಿ ಹುಟ್ಟಿತು. ಕೊನೆಗೆ ಅಲ್ಪಾವಧಿ ಸಾಲದಿಂದ ವರ್ಷವನ್ನು ಪೂರೈಸಲಾಯಿತು.

6. ಇತರ ಸಾರ್ವಜನಿಕ ಸೇವೆಗಳು

ವೃದ್ಧರಿಗೆ, ಅಂಗವಿಕಲರಿಗೆ, ವ್ಯಸನಮುಕ್ತಿ ಬಯಸುವವರಿಗೆ ಬೇಕಾದ ಸೇವೆಗಳನ್ನು ಇಲಿನಾಯ್ ರಾಜ್ಯವು ಬಹುಮಟ್ಟಿಗೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಒದಗಿಸುತ್ತದೆ. ಸಂಸ್ಥೆಯು ಮೊದಲು ಸೇವೆ ಸಲ್ಲಿಸುತ್ತದೆ; ಸರ್ಕಾರ ಆಮೇಲೆ ಹಣ ಕೊಡುತ್ತದೆ. ಸ್ತಂಭನದ ಅವಧಿಯಲ್ಲಿ ಈ ಸಂಸ್ಥೆಗಳು ಸರ್ಕಾರಕ್ಕೇ ಸಾಲ ಕೊಟ್ಟಂತಾಯಿತು. ರಾಜ್ಯದ ಅತಿ ದೊಡ್ಡ ಸೇವಾಸಂಸ್ಥೆಗಳಲ್ಲಿ ಒಂದಾದ ಲೂಥರನ್ ಸೋಷಿಯಲ್ ಸರ್ವಿಸಸ್, 60 ಲಕ್ಷ ಡಾಲರ್‌ಗಳಿಗೂ ಹೆಚ್ಚಿನ ಬಾಕಿ ಬರದ ಕಾರಣ 2016ರ ಜನವರಿಯಲ್ಲಿ 30ಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ಮುಚ್ಚಿ 750 ಹುದ್ದೆಗಳನ್ನು ರದ್ದುಗೊಳಿಸುವುದಾಗಿ ಪ್ರಕಟಿಸಿತು. ಇದು ಅದರ ಸಿಬ್ಬಂದಿಯ ಶೇ. 43ರಷ್ಟಾಗಿತ್ತು. ಹಲವು ಸಂಸ್ಥೆಗಳು ಒಟ್ಟಾಗಿ ಅದೇ ವರ್ಷ ನ್ಯಾಯಾಲಯದ ಮೊರೆಹೊಕ್ಕರೂ ಅವರಿಗೆ ಜಯ ಸಿಗಲಿಲ್ಲ. ಕರಾರುಪತ್ರಕ್ಕೆ ಸಹಿ ಬಿದ್ದಿದ್ದರೂ ಶಾಸಕಾಂಗದ ವಿನಿಯೋಗವಿಲ್ಲದೆ ಹಣ ಕೇಳುವ ಹಕ್ಕು ಅವರಿಗೆ ಇಲ್ಲವಾಯಿತು.

ದುಡಿಯುವ ತಾಯಂದಿರಿಗೆ ಶಿಶುಪಾಲನೆಗೆ ದೊರೆಯುತ್ತಿದ್ದ ನೆರವಿನ ನಿಯಮಗಳನ್ನು 2015ರ ಜುಲೈಯಲ್ಲಿ ಬಿಗಿಗೊಳಿಸಲಾಯಿತು. ಬಡತನದ ಮಟ್ಟದ ಶೇ. 185ರವರೆಗಿನ ಆದಾಯದವರಿಗೆ ಸಿಗುತ್ತಿದ್ದ ನೆರವು ಹೊಸ ಅರ್ಜಿದಾರರ ಮಟ್ಟಿಗೆ ಶೇ. 50ಕ್ಕೆ ಸೀಮಿತವಾಯಿತು. ನವೆಂಬರ್‌ನಲ್ಲಿ ಈ ಮಿತಿಯನ್ನು ಶೇ. 162ಕ್ಕೆ ಏರಿಸಲಾಯಿತಾದರೂ ನಡುವಣ ತಿಂಗಳುಗಳಲ್ಲಿ ಅನೇಕರು ಹೊರಗುಳಿದರು.

ಗ್ರಂಥಾಲಯ ಮತ್ತು ಸಂಗ್ರಹಾಲಯಗಳ ಬಳಕೆದಾರರಿಗೆ ಆಸಕ್ತಿಯೆನಿಸುವ ಒಂದು ಸಂಗತಿಯನ್ನೂ ಇಲ್ಲಿ ಉಲ್ಲೇಖಿಸಬಹುದು. ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯವನ್ನು ವೆಚ್ಚ ಕಡಿತದ ಹೆಸರಿನಲ್ಲಿ 2015ರ ಅಕ್ಟೋಬರ್ 1ರಂದು ಸಾರ್ವಜನಿಕರಿಗೆ ಮುಚ್ಚಲಾಯಿತು. ಕೆಲಸದಿಂದ ಬಿಡಿಸುವ ಕ್ರಮವನ್ನು ನೌಕರರ ಸಂಘವು ನ್ಯಾಯಾಲಯದಲ್ಲಿ ಪ್ರಶ್ನಿಸಿದುದರಿಂದ ಸಿಬ್ಬಂದಿಯಲ್ಲಿ ಹಲವರು ಒಳಗೆ ಕೆಲಸದಲ್ಲಿಯೇ ಮುಂದುವರಿದರು. ಹೊರಗುಳಿದವರು ವೀಕ್ಷಕರು ಮಾತ್ರ. ಮರುವರ್ಷದ ಜುಲೈ 2ರಂದು ಅದು ಪ್ರವೇಶಶುಲ್ಕದೊಂದಿಗೆ ಮತ್ತೆ ತೆರೆಯುವ ಹೊತ್ತಿಗೆ ಅನುಭವಿ ಸಂಶೋಧಕರು ಅನೇಕರು ಸಂಸ್ಥೆಯನ್ನು ತೊರೆದಿದ್ದರು.

7. ಸ್ತಂಭನದ ಬೆಲೆ

ಆಯವ್ಯಯವನ್ನು ತಡೆಹಿಡಿದರೆ ಹಣ ಉಳಿಯುತ್ತದೆ ಎಂಬ ಭಾವನೆಯನ್ನು ಇಲಿನಾಯ್‌ನ ಅಂಕಿಅಂಶಗಳು ಪುಷ್ಟೀಕರಿಸುವುದಿಲ್ಲ. 2015ರ ಮಧ್ಯಭಾಗದಲ್ಲಿ ಸುಮಾರು 500 ಕೋಟಿ ಡಾಲರ್‌ಗಳಷ್ಟಿದ್ದ ಪಾವತಿಯಾಗದ ಬಿಲ್ಲುಗಳ ಮೊತ್ತ 2017ರ ನವೆಂಬರ್‌ನಲ್ಲಿ 1,670 ಕೋಟಿ ಡಾಲರ್‌ಗಳ ಶಿಖರವನ್ನು ಮುಟ್ಟಿತು. ರಾಜ್ಯದ ಕಾನೂನಿನಂತೆ 90 ದಿನ ಮೀರಿದ ಅನೇಕ ಬಿಲ್ಲುಗಳಿಗೆ ತಿಂಗಳಿಗೆ ಶೇ. 1ರಂತೆ, ಅಂದರೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಕೊಡಬೇಕಾಗಿತ್ತು. ಹೀಗೆ ತೆರಬೇಕಾದ ಬಡ್ಡಿಯೇ 100 ಕೋಟಿ ಡಾಲರ್‌ಗಳನ್ನು ಮೀರಿತು. ಬಿಲ್ಲುಗಳನ್ನು ಕೊಂಡು ಬಡ್ಡಿಯನ್ನು ತಾವು ಪಡೆಯುವ ಹಣಕಾಸು ಮಧ್ಯಸ್ಥರಿಗೆ ಇದು ಲಾಭದ ವ್ಯವಹಾರವಾಯಿತು. ಸಹಾಯಧನ ಬಾರದೆ ಕಾಲೇಜು ಬಿಟ್ಟ ವಿದ್ಯಾರ್ಥಿಗೆ ಯಾರೂ ಬಡ್ಡಿ ಕೊಡಲಿಲ್ಲ.

2017ರ ಜೂನ್ 1ರಂದು ಎರಡು ಪ್ರಮುಖ ಸಂಸ್ಥೆಗಳು ಇಲಿನಾಯ್‌ನ ಸಾಲಾರ್ಹತೆಯನ್ನು ಹೂಡಿಕೆಗೆ ಯೋಗ್ಯವೆನಿಸುವ ಕೊನೆಯ ಮೆಟ್ಟಿಲಿಗೆ ಇಳಿಸಿದವು. ಅದಕ್ಕೂ ಮುನ್ನ ಅಮೆರಿಕದ ಯಾವ ರಾಜ್ಯವೂ ಅಷ್ಟು ಕೆಳಗೆ ಇಳಿದಿರಲಿಲ್ಲ. ಜೂನ್ 30ರಂದು ಫೆಡರಲ್ ನ್ಯಾಯಾಲಯವು ವೈದ್ಯಕೀಯ ನೆರವಿನ ಬಾಕಿಯನ್ನು ಹೆಚ್ಚಿನ ಪ್ರಮಾಣದಲ್ಲಿ ತೀರಿಸಬೇಕೆಂದು ಆದೇಶಿಸಿತು. ಅಲ್ಲಿಗೆ ಕಾನೂನಿನ ರಕ್ಷಣೆಯುಳ್ಳ ಹಕ್ಕುಗಳನ್ನು ಪೂರೈಸಲೂ ಬೊಕ್ಕಸದಲ್ಲಿ ಹಣ ಸಾಲದ ಸ್ಥಿತಿ ಒದಗಿತು.

8. ಮುಕ್ತಾಯ

ಈ ಹಂತದಲ್ಲಿ ಒಪ್ಪಂದಕ್ಕೆ ದಾರಿ ತೆರೆಯಿತು. ಹಲವು ರಿಪಬ್ಲಿಕನ್ ಶಾಸಕರು ತಮ್ಮ ಗವರ್ನರ್‌ರ ವಿರುದ್ಧ ಮತ ನೀಡಿದರು. 2017ರ ಜುಲೈ 6ರಂದು ಪ್ರತಿನಿಧಿಗಳ ಸದನವು 71–42 ಮತಗಳಿಂದ ಗವರ್ನರ್‌ರ ತಿರಸ್ಕಾರವನ್ನು ಬದಿಗೊತ್ತಿತು. ಐದನೆಯ ಮೂರು ಭಾಗಕ್ಕೆ ಬೇಕಾಗಿದ್ದುದು ಸರಿಯಾಗಿ 71 ಮತಗಳು. ಸುಮಾರು 3,600 ಕೋಟಿ ಡಾಲರ್‌ಗಳ ಆಯವ್ಯಯದೊಂದಿಗೆ ಆದಾಯ ತೆರಿಗೆಯು ಶೇ. 4.95ಕ್ಕೂ ಕಂಪನಿ ತೆರಿಗೆಯು ಶೇ. 7ಕ್ಕೂ ಏರಿತು.

ಶಾಲೆಗಳಿಗೆ ಹಣ ಬಿಡುಗಡೆಯಾಗಬೇಕಾದರೆ ಹೊಸ ಹಂಚಿಕೆ ಸೂತ್ರವೊಂದು ಕಾನೂನಾಗಬೇಕೆಂಬ ಷರತ್ತನ್ನು ಈ ಆಯವ್ಯಯವೇ ಒಳಗೊಂಡಿತ್ತು. ಸೂತ್ರದ ವಿಷಯದಲ್ಲಿ ಮತ್ತೆ ವಿವಾದವೆದ್ದು ಆಗಸ್ಟ್ 10ರ ಮೊದಲ ಕಂತು ತಪ್ಪಿತು. 2015ರಲ್ಲಿ ವಿನಾಯಿತಿ ಪಡೆದಿದ್ದ ಶಾಲೆಗಳು ಈ ಬಾರಿ ಬಿಕ್ಕಟ್ಟಿನ ನಡುವೆ ನಿಂತಿದ್ದವು. ಮೂರೇ ವಾರಗಳಲ್ಲಿ, ಆಗಸ್ಟ್ 31ರಂದು, ಉಭಯ ಪಕ್ಷಗಳ ಒಪ್ಪಿಗೆಯ ಕಾನೂನಿಗೆ ಸಹಿ ಬಿದ್ದಿತು. ಪ್ರತಿ ಜಿಲ್ಲೆಯ ಮಕ್ಕಳ ನಿಜವಾದ ಅಗತ್ಯವನ್ನೂ ಸ್ಥಳೀಯ ಆಸ್ತಿ ತೆರಿಗೆಯ ಬಲವನ್ನೂ ಲೆಕ್ಕಹಾಕಿ, ಹೊಸ ಹಣವನ್ನು ಮೊದಲು ಬಡ ಜಿಲ್ಲೆಗಳಿಗೆ ಕೊಡುವ ಏರ್ಪಾಡು ಅದರಲ್ಲಿದೆ. ವರ್ಷಕ್ಕೆ ಕನಿಷ್ಠ 35 ಕೋಟಿ ಡಾಲರ್‌ಗಳ ಹೆಚ್ಚಳವು ಅದರ ಗುರಿ. ಕೋವಿಡ್ ಪಿಡುಗಿನ 2020–21ರ ಸಾಲಿನಲ್ಲಿ ಮಾತ್ರ ಹೆಚ್ಚಳವಾಗಲಿಲ್ಲ.

9. ಭಾರತದ ಸಂದರ್ಭದಲ್ಲಿ

ಇಂಥ ದೀರ್ಘ ಸ್ತಂಭನ ನಮ್ಮ ರಾಜ್ಯಗಳಲ್ಲಿ ಏಕೆ ಸಂಭವಿಸುವುದಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸಂವಿಧಾನದ 203 ಮತ್ತು 204ನೆಯ ಅನುಚ್ಛೇದಗಳಂತೆ ಧನವಿನಿಯೋಗಕ್ಕೆ ವಿಧಾನಸಭೆಯ ಒಪ್ಪಿಗೆ ಅನಿವಾರ್ಯ. ಆದರೆ ಅದನ್ನು ಪಡೆಯಲಾಗದ ಸರ್ಕಾರವೇ ಉಳಿಯುವುದಿಲ್ಲ. ನಡುವಣ ಕಾಲಕ್ಕೆ 206ನೆಯ ಅನುಚ್ಛೇದವು ಲೇಖಾನುದಾನಕ್ಕೆ ಅವಕಾಶ ನೀಡಿದೆ. ಕರ್ನಾಟಕದಲ್ಲಿ 2019ರ ಜುಲೈ 23ರಂದು ವಿಶ್ವಾಸಮತದಲ್ಲಿ ಸೋತು ಸರ್ಕಾರ ಬಿದ್ದಾಗ, ಹೊಸ ಸರ್ಕಾರವು ಜುಲೈ 29ರಂದು ವಿಶ್ವಾಸ ಗಳಿಸಿದ ದಿನವೇ ಹಿಂದಿನ ಸರ್ಕಾರ ಮಂಡಿಸಿದ್ದ ಹಣಕಾಸು ವಿಧೇಯಕವೂ ಅಂಗೀಕೃತವಾಯಿತು. ಉತ್ತರಾಖಂಡದಲ್ಲಿ 2016ರ ಮಾರ್ಚ್‌ನಲ್ಲಿ ಧನವಿನಿಯೋಗ ವಿಧೇಯಕದ ಮತದಾನವೇ ವಿವಾದಕ್ಕೀಡಾಗಿ ರಾಷ್ಟ್ರಪತಿ ಆಳ್ವಿಕೆ ಬಂದಾಗ, ವರ್ಷಾಂತ್ಯದ ವೇಳೆಗೆ ಕೇಂದ್ರವು ಸುಗ್ರೀವಾಜ್ಞೆಯ ಮೂಲಕ ಲೇಖಾನುದಾನವನ್ನು ಒದಗಿಸಿತು.

ನಮ್ಮಲ್ಲಿ ತಿಕ್ಕಾಟ ಕಾಣಿಸಿಕೊಳ್ಳುವುದು ಬೇರೊಂದು ಸ್ಥಾನದಲ್ಲಿ, ಕೇಂದ್ರ ಮತ್ತು ರಾಜ್ಯಗಳ ನಡುವೆ. ಪಿ.ಎಂ. ಶ್ರೀ ಶಾಲೆಗಳ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ 2024–25ರ ಸಮಗ್ರ ಶಿಕ್ಷಾ ಯೋಜನೆಯ ಕೇಂದ್ರದ ಪಾಲು ತಡೆಯಾಗಿ, 2025ರಲ್ಲಿ ಆ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಸ್ಥಾನಗಳ ಪ್ರವೇಶವೂ ಆ ವರ್ಷ ತಡವಾಯಿತು.

ಇಲಿನಾಯ್‌ನ ಅನುಭವದಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಒಂದು, ಸ್ತಂಭನದ ಭಾರ ಅಗತ್ಯಕ್ಕೆ ತಕ್ಕಂತೆ ಹಂಚಿಕೆಯಾಗುವುದಿಲ್ಲ. ಕಾನೂನಿನ ಆಸರೆ ಇಲ್ಲದವರ ಮೇಲೆ ಸಂಪೂರ್ಣವಾಗಿ ಬೀಳುತ್ತದೆ. ಎರಡು, ಹೆಚ್ಚು ಜನರಿಗೆ ರಕ್ಷಣೆ ದೊರೆತಷ್ಟೂ ಉಳಿದ ಕೆಲವರ ಕಷ್ಟ ದೀರ್ಘವಾಗುತ್ತದೆ. ಮೂರು, ತಡೆದ ಹಣವನ್ನು ಬಡ್ಡಿಸಮೇತ ಕೊಡಬಹುದು, ತಪ್ಪಿದ ಶಿಕ್ಷಣವನ್ನು ಹಾಗೆ ಕೊಡಲಾಗದು. ಆದ್ದರಿಂದ ಆಯವ್ಯಯ ಅಂಗೀಕಾರವಾಗುವವರೆಗೆ ಹಿಂದಿನ ವರ್ಷದ ಪ್ರಮಾಣದಲ್ಲಿ ಎಲ್ಲರಿಗೂ ಒಂದೇ ನಿಯಮದಂತೆ ಹಣ ಸಲ್ಲುವ ಲೇಖಾನುದಾನದಂಥ ಏರ್ಪಾಡನ್ನು ತಾಂತ್ರಿಕ ವಿಧಿಯೆಂದಷ್ಟೇ ಪರಿಗಣಿಸಲಾಗದು. 2016ರ ಶರತ್ಕಾಲದಲ್ಲಿ ಷಿಕಾಗೊ ಸ್ಟೇಟ್‌ಗೆ ಸೇರಿದ 86 ಮಂದಿಯ ಹಿಂದೆ ಸೇರದೆ ಉಳಿದವರು ಎಷ್ಟು ಎಂಬುದನ್ನು ನೆನೆದರೆ ಅದರ ಬೆಲೆ ಅರಿವಾಗುತ್ತದೆ.